ಇವರು – ಇವರ: ಐರಣಿ ಪರಿಸರದ ಲಗ್ನಪತ್ರಿಕೆಗಳಲ್ಲಿ ಕುಟುಂಬದ ನಿರೂಪಣೆ

ಕನ್ನಡ ಜಾನಪದ ಅಧ್ಯಯನವು ಮದುವೆಯನ್ನು ಕುರಿತು ಕಲೆಹಾಕಿರುವ ಸಾಮಗ್ರಿ ವಿಪುಲವಾದುದು. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಂದಿನಿಂದ ಸೋಬಾನೆಯ ಪದಗಳು, ಬೀಗರನ್ನು ಹಂಗಿಸುವ ಹಾಡುಗಳು, ಗಂಡನ ಹೆಸರು ಹೇಳುವ ಒಡಪುಗಳು, ಸುರಗಿ ಸುತ್ತುವ, ಅರಿಷಿಣ ಹಚ್ಚುವ, ಉಡಿ ತುಂಬುವ ಆಚರಣೆಗಳು ಸಾವಿರಾರು ಪುಟಗಳಲ್ಲಿ ದಾಖಲಾಗಿವೆ. ಆದರೆ ಇವೆಲ್ಲಕ್ಕಿಂತ ಮುಂಚೆ ಮನೆಯ ಬಾಗಿಲಿಗೆ ಬಂದು ಕೈಗೆ ಸಿಗುವ ಕಾಗದವೊಂದುಂಟು. ನಾಲ್ಕು ಮೂಲೆಗೆ ಅರಿಷಿಣ ಕುಂಕುಮ ಹಚ್ಚಿಸಿಕೊಂಡು, ಮೊದಲ ಪ್ರತಿ ಮನೆದೇವರಿಗೂ ಮುಂದಿನದು ಸೋದರಮಾವನಿಗೂ ಸಲ್ಲುವ ಆ ಲಗ್ನಪತ್ರಿಕೆಯನ್ನು ಜಾನಪದದ ಆಕರವೆಂದು ಕೈಗೆತ್ತಿಕೊಂಡವರು ವಿರಳ. ಅದು ಅಚ್ಚಾದದ್ದು, ಅದರಲ್ಲಿ ಸಂಸ್ಕೃತದ ಪದಗಳು ಹೆಚ್ಚು, ಅದು ಅಂಗಡಿಯಲ್ಲಿ ಸಿಗುತ್ತದೆ ಎಂಬ ಕಾರಣಗಳನ್ನು ಕೊಡಬಹುದು. ಈ ಕಾರಣಗಳಲ್ಲಿ ಯಾವುದೂ ಸಾಲದು. ಅಮೆರಿಕದ ಕಚೇರಿಗಳಲ್ಲಿ ನಕಲು ಯಂತ್ರದ ಮೂಲಕ ಕೈಯಿಂದ ಕೈಗೆ ದಾಟುತ್ತಿದ್ದ ಕಾಗದಗಳನ್ನು ಅಲನ್ ಡಂಡೆಸ್ ಮತ್ತು ಕಾರ್ಲ್ ಪ್ಯಾಗ್ಟರ್ 1975ರಲ್ಲೇ ಜಾನಪದವೆಂದು ಸಂಕಲಿಸಿದರು. ಕರ್ತೃವಿಲ್ಲದ, ಸಿದ್ಧ ಸೂತ್ರಗಳಿಂದ ಕಟ್ಟಲ್ಪಟ್ಟ, ಸಮುದಾಯದ ಒಪ್ಪಿಗೆಯಿಲ್ಲದೆ ಒಂದಕ್ಷರವೂ ಬದಲಾಗದ ಪಠ್ಯ ಜಾನಪದವಲ್ಲದಿದ್ದರೆ ಮತ್ತಾವುದು?

ಪ್ರಸ್ತುತ ಲೇಖನವು ಇಂಥ ಪತ್ರಿಕೆಯ ಒಕ್ಕಣೆಯನ್ನು ರಾಣೆಬೆನ್ನೂರು ತಾಲೂಕಿನ ಐರಣಿಯ ಸುತ್ತಿನ ಪರಿಸರವನ್ನು ಆಧರಿಸಿ ವಿವೇಚಿಸುತ್ತದೆ. ತುಂಗಭದ್ರೆಯ ದಂಡೆಯ ಈ ಊರು ತನ್ನ ಕೋಟೆಗೂ ಮುಪ್ಪಿನಾರ್ಯರ ಹೊಳೆಮಠಕ್ಕೂ ಹೆಸರಾದುದು. ಆಯ್ಕೆಗೆ ಎರಡು ಕಾರಣಗಳಿವೆ. ಉತ್ತರ ಕರ್ನಾಟಕದ ಮದುವೆಗಳಲ್ಲಿ ಕುಂಬಾರರ ಮನೆಯಿಂದ ಮುತ್ತೈದೆಯರು ವಾದ್ಯಸಮೇತ ಹೊತ್ತು ತರುವ, ಸುಣ್ಣ ಬಳಿದು ಬಣ್ಣದ ಗೆರೆ ಎಳೆದ ಗಡಿಗೆಗಳಿಗೂ ಐರಣಿ ಎಂದೇ ಹೆಸರು. ದಕ್ಷಿಣದಲ್ಲಿ ಇವನ್ನು ಅರಿವೇಣಿ ಎನ್ನುತ್ತಾರೆ. ಊರಿಗೂ ಗಡಿಗೆಗೂ ನಂಟು ಕಟ್ಟುವ ಉತ್ಸಾಹ ಬೇಡ. ಆದರೆ ಮದುವೆಯ ಮನೆಗೆ ಐರಣಿಯನ್ನು ತರುವ ಹೆಂಗಸು ಯಾರು, ತರಬಾರದವಳು ಯಾರು ಎಂಬ ಪ್ರಶ್ನೆ ಮುಂದಿನ ಚರ್ಚೆಗೆ ಅಗತ್ಯವಾದುದು. ಎರಡನೆಯದು ಚರಿತ್ರೆಯದು. ಹೊಳೆಯ ಈ ದಂಡೆ 1956ರವರೆಗೆ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ; ಆಚೆಯ ಹರಿಹರ ಮೈಸೂರು ಸಂಸ್ಥಾನ; ಕೆಳಗಿನ ಹರಪನಹಳ್ಳಿ 1953ರವರೆಗೆ ಮದ್ರಾಸಿನ ಬಳ್ಳಾರಿ ಜಿಲ್ಲೆ. ಮೂರು ಆಡಳಿತಗಳ ಕಾಗದದ ಭಾಷೆ ಇಲ್ಲಿ ಹೊಳೆ ದಾಟಿ ಬೀಗತನ ಮಾಡಿದೆ. ಈ ದಂಡೆಯ ‘ಲಗ್ನಪತ್ರಿಕೆ’ ಆ ದಂಡೆಯಲ್ಲಿ ‘ವಿವಾಹ ಆಹ್ವಾನ ಪತ್ರಿಕೆ’ ಆಗುತ್ತದೆ. ಇಲ್ಲಿಯ ಅಡ್ಡಹೆಸರು ಅಲ್ಲಿ ಇನಿಷಿಯಲ್ಲಾಗುತ್ತದೆ.

ಪತ್ರಿಕೆಗೆ ಮುಂಚೆ ಬಾಯಿಮಾತಿನ ಕರೆಯಿತ್ತು. ಅದಿನ್ನೂ ಇದೆ. ಅಕ್ಷತೆಯನ್ನೋ ಎಲೆ ಅಡಿಕೆಯನ್ನೋ ಕೊಟ್ಟು “ಅಕ್ಕಿಕಾಳಿಗೆ ಬರ್ರಿ” ಎಂದರೆ ಒಂದು ಕರೆ. “ಮನಿಮಂದಿ ಎಲ್ಲಾರೂ ಬರ್ರಿ, ಒಲಿ ಹಚ್ಚಬ್ಯಾಡ್ರಿ” ಎಂದರೆ ಇನ್ನೊಂದು. ಯಾರ ಮನೆಗೆ ಯಾವ ಕರೆ ಎಂಬುದು ಹಳೆಯ ಮುಯ್ಯಿಯ ಲೆಕ್ಕದ ಮೇಲೆ ನಿಂತಿರುತ್ತದೆ. ಬಾಯಿಕರೆಯ ವೈಶಿಷ್ಟ್ಯವೆಂದರೆ ಅದರಲ್ಲಿ ಕರೆಯುವವನು ಯಾರೆಂದು ಹೇಳಬೇಕಾಗಿಯೇ ಇಲ್ಲ. ಬಾಗಿಲಲ್ಲಿ ನಿಂತವನ ಮುಖವೇ ಸಾಕು. ಮುದ್ರಿತ ಪತ್ರಿಕೆಗೆ ಮುಖವಿಲ್ಲ. ಆದ್ದರಿಂದ ಅದು ಕುಟುಂಬದ ಪ್ರತಿಯೊಬ್ಬರ ಸ್ಥಾನವನ್ನೂ ಅಕ್ಷರದಲ್ಲಿ ಘೋಷಿಸಬೇಕಾಗುತ್ತದೆ. ಬಾಯಿಮಾತಿನಲ್ಲಿ ಹೇಳದೆ ಬಿಡಬಹುದಾಗಿದ್ದುದನ್ನು ಅಚ್ಚಿನಲ್ಲಿ ಹೇಳಲೇಬೇಕಾದಾಗ ಏನಾಗುತ್ತದೆ ಎಂಬುದೇ ಇಲ್ಲಿಯ ಮುಖ್ಯ ಪ್ರಶ್ನೆ.

ಪತ್ರಿಕೆಯ ರಚನೆಯನ್ನು ಗಮನಿಸಬೇಕು. ತಲೆಯ ಮೇಲೆ ದೇವರ ‘ಪ್ರಸನ್ನ’. ಬಸವೇಶ್ವರನೋ, ದೇವರಗುಡ್ಡದ ಮಾಲತೇಶನೋ, ಹೊಳೆಯಾಚೆಯ ಮೈಲಾರಲಿಂಗನೋ, ಉಡಚಮ್ಮನೋ, ಚೌಡೇಶ್ವರಿಯೋ ಎಂಬುದರ ಮೇಲೆ ಊರ ಓದುಗ ಜಾತಿಯನ್ನೂ ಬೆಡಗನ್ನೂ ಅರೆಕ್ಷಣದಲ್ಲಿ ಅರಿಯುತ್ತಾನೆ. ಅನಂತರ ಬರುವುದು ಒಂದೇ ಒಂದು ವಾಕ್ಯ. ಇಂಥ ಊರಿನ ಶ್ರೀ ಇಂಥವರು ಮಾಡುವ ಶರಣು ಶರಣಾರ್ಥಿಗಳು ಎಂದು ಆರಂಭವಾಗಿ, ನಮ್ಮ ಜ್ಯೇಷ್ಠ ಪುತ್ರಿಯಾದ ಚಿ.ಕುಂ.ಸೌ. ಇಂಥವಳ ವಿವಾಹವು ಇಂಥ ಊರಿನ ಶ್ರೀ ಇಂಥವರ ದ್ವಿತೀಯ ಸುಪುತ್ರ ಚಿ. ಇಂಥವರ ಸಂಗಡ ಗುರುಹಿರಿಯರು ನಿಶ್ಚಯಿಸಿದ ಪ್ರಕಾರ ಶಾಲಿವಾಹನ ಶಕೆ ಇಷ್ಟರಲ್ಲಿ ಜರುಗುವುದರಿಂದ ತಾವು ಸಹಕುಟುಂಬ ಪರಿವಾರ ಸಮೇತ ಆಗಮಿಸಿ ವಧೂವರರನ್ನು ಆಶೀರ್ವದಿಸಬೇಕಾಗಿ ವಿನಂತಿ ಎಂದು ಮುಗಿಯುತ್ತದೆ. ಕೆಳಗೆ ಸುಖಾಗಮನ ಬಯಸುವವರ ಪಟ್ಟಿ, ಇತ್ತೀಚೆಗೆ ‘ಆಹೇರು ತರಬಾರದು, ಆಶೀರ್ವಾದವೇ ಉಡುಗೊರೆ’ ಎಂಬ ಸೂಚನೆ, ತೀರಾ ಕೊನೆಗೆ ಮಕ್ಕಳ ಬಾಯಲ್ಲಿ ಒಂದು ಸಾಲು: “ನಮ್ಮ ಕಾಕಾನ ಲಗ್ನಕ್ಕೆ ತಪ್ಪದೇ ಬರ್ರಿ.” ಇಡೀ ಪತ್ರಿಕೆಯಲ್ಲಿ ಊರಿನ ನಿಜವಾದ ಮಾತು ಇಷ್ಟೇ. ಅದನ್ನು ಮಕ್ಕಳಿಗೆ ಬಿಟ್ಟುಕೊಡಲಾಗಿದೆ.

ಈ ವಾಕ್ಯದಲ್ಲಿ ಎಷ್ಟೇ ಹೆಸರುಗಳು ಬಂದರೂ ಅವು ನಿಲ್ಲುವುದು ಎರಡು ರೂಪಗಳಲ್ಲಿ. ಕರೆಯುವವರು ‘ಇವರು’, ಯಾರ ಮಗ ಯಾರ ಮಗಳು ಎಂದು ಗುರುತಿಸಲು ಬೇಕಾದವರು ‘ಇವರ’. ಮೊದಲನೆಯದು ಪ್ರಥಮಾ ವಿಭಕ್ತಿ, ಎರಡನೆಯದು ಷಷ್ಠಿ. ಬರವಣಿಗೆಯಲ್ಲಿ ಇವುಗಳ ನಡುವಿನ ಅಂತರ ಒಂದು ಕೊಂಬು ಮಾತ್ರ. ತಂದೆ ತಾಯಿ ಇಬ್ಬರೂ ಇರುವ, ಇಬ್ಬರೂ ಕೂಡಿ ಬಾಳುತ್ತಿರುವ ಮನೆಯ ಪತ್ರಿಕೆಯಲ್ಲಿ ಈ ಅಂತರ ಗಮನಕ್ಕೇ ಬರುವುದಿಲ್ಲ. ಆ ಸೂತ್ರ ಅಂಥ ಮನೆಗಾಗಿಯೇ ಹುಟ್ಟಿದ್ದು. ಕುಟುಂಬ ಆ ಅಚ್ಚಿಗೆ ಹೊಂದದಿದ್ದಾಗ ಮಾತ್ರ ಕೊಂಬು ಮಾತನಾಡತೊಡಗುತ್ತದೆ.

ಅತಿ ಸಾಮಾನ್ಯವಾದ ಸಂದರ್ಭವೆಂದರೆ ಮದುಮಗಳ ತಂದೆ ತೀರಿಕೊಂಡಿರುವುದು. ತಂದೆಯ ಹೆಸರಿನ ಹಿಂದೆ ‘ಲಿಂ.’ ಅಥವಾ ‘ದಿ.’ ಸೇರುತ್ತದೆ. ಅಲ್ಲಿಗೆ ಅವನ ಸಮಸ್ಯೆ ಮುಗಿಯಿತು. ಸತ್ತ ಮೇಲೂ ಅವನ ಸ್ಥಾನ ಅಬಾಧಿತ. ಪ್ರಶ್ನೆ ಇರುವುದು ಬದುಕಿರುವ ತಾಯಿಯದು. ಒಂದು ರೀತಿಯ ಒಕ್ಕಣೆಯಲ್ಲಿ ದೊಡ್ಡಪ್ಪನೋ ಕಾಕಾನೋ ಕರೆಯುವವನಾಗುತ್ತಾನೆ, ಹುಡುಗಿ ‘ನಮ್ಮ ತಮ್ಮನಾದ ಲಿಂ. ಇಂಥವರ ಸುಪುತ್ರಿ’, ತಾಯಿಯ ಹೆಸರೇ ಇರುವುದಿಲ್ಲ. ಹಳೆಯ ಪತ್ರಿಕೆಗಳಲ್ಲಿ ಇದೇ ಹೆಚ್ಚು. ಇನ್ನೊಂದರಲ್ಲಿ ‘ಶ್ರೀಮತಿ ಇಂಥವರ ಹಾಗೂ ಲಿಂ. ಇಂಥವರ ಸುಪುತ್ರಿ’ ಎಂದು ತಾಯಿ ಬರುತ್ತಾಳೆ, ಆದರೆ ಷಷ್ಠಿಯಲ್ಲಿ. ಕರೆಯುವವನು ಮತ್ತೆ ಕಾಕಾನೇ. ಮತ್ತೊಂದರಲ್ಲಿ ಅಣ್ಣ ಅಥವಾ ತಮ್ಮ ‘ನಮ್ಮ ಸಹೋದರಿ’ ಎನ್ನುತ್ತಾನೆ. ಇಲ್ಲಿ ವಯಸ್ಸಿನ ವಿಚಾರ ಕುತೂಹಲಕರ. ಹೈಸ್ಕೂಲು ಓದುವ ಹುಡುಗನಾದರೂ ಸರಿ, ಗಂಡುಮಗುವೊಂದು ಮನೆಯಲ್ಲಿದ್ದರೆ ಪ್ರಥಮಾ ವಿಭಕ್ತಿ ಅವನ ಪಾಲಾಗುತ್ತದೆ. ಹೊಲ ಮಾಡಿಸಿ, ಸಾಲ ತೀರಿಸಿ, ಗಂಡು ಹುಡುಕಿ, ಬೀಗರೊಡನೆ ಮಾತುಕತೆಯಾಡಿ ಮದುವೆ ಗೊತ್ತುಮಾಡಿದವಳು ಅವನ ಹೆಸರಿನ ಹಿಂದೆ ‘ಇವರ’ ಆಗಿ ನಿಲ್ಲುತ್ತಾಳೆ.

ಇದೇ ಹೆಂಗಸಿನ ಹೆಸರು ಬೇರೆ ಕಾಗದಗಳಲ್ಲಿ ಎಲ್ಲಿದೆ ಎಂದು ನೋಡಿದರೆ ಪತ್ರಿಕೆಯ ಮೊಂಡುತನ ಸ್ಪಷ್ಟವಾಗುತ್ತದೆ. ಗಂಡ ಸತ್ತ ಮೇಲೆ ವಾರಸಾ ದಾಖಲಾಗಿ ಹೊಲದ ಉತಾರದಲ್ಲಿ ಅವಳ ಹೆಸರು ‘ಇಂಥವಳು ಗಂಡ ಇಂಥವನು’ ಎಂದು ಮಾಲಕಳ ಸ್ಥಾನದಲ್ಲಿ ಬರುತ್ತದೆ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಪಡಿತರ ಚೀಟಿಗೆ ಮನೆಯ ಹಿರಿಯ ಹೆಂಗಸೇ ಯಜಮಾನಿ. ಗೀತಾ ಹರಿಹರನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1999ರಲ್ಲಿ, 1956ರ ಕಾಯ್ದೆಯ ‘ತಂದೆ, ಅವನ ನಂತರ ತಾಯಿ’ ಎಂಬಲ್ಲಿಯ ‘ನಂತರ’ವು ತಂದೆಯ ಮರಣಾನಂತರ ಎಂಬ ಅರ್ಥಕ್ಕೆ ಸೀಮಿತವಲ್ಲ, ಅವನ ಗೈರಿನಲ್ಲಿ ಎಂದೂ ಆಗುತ್ತದೆ ಎಂದು ವ್ಯಾಖ್ಯಾನಿಸಿ ತಾಯಿಯ ಪಾಲಕತ್ವವನ್ನು ಎತ್ತಿಹಿಡಿಯಿತು. ಒಂದು ಪದದ ಅರ್ಥಕ್ಕಾಗಿ ದೇಶದ ಅತ್ಯುನ್ನತ ನ್ಯಾಯಾಲಯ ಕಲಾಪ ನಡೆಸಿದೆ. ಲಗ್ನಪತ್ರಿಕೆಯ ಒಂದು ಕೊಂಬನ್ನು ಕೇಳುವ ನ್ಯಾಯಾಲಯವಿಲ್ಲ.

ಇನ್ನೂ ಹತ್ತಿರದ ಹೋಲಿಕೆಯೊಂದಿದೆ. ಗಂಡ ತೀರಿಕೊಂಡಾಗ ಅದೇ ಮನೆಯವರು ಅದೇ ಮುದ್ರಣಾಲಯದಲ್ಲಿ ಶಿವಗಣಾರಾಧನೆಯ ಪತ್ರಿಕೆಯನ್ನು ಅಚ್ಚು ಮಾಡಿಸಿರುತ್ತಾರೆ. ಅದರ ಕೆಳಗೆ ದುಃಖತಪ್ತರ ಪಟ್ಟಿಯಲ್ಲಿ ಹೆಂಡತಿಯ ಹೆಸರಿಗೆ ಮೊದಲ ಸಾಲು ಸಲ್ಲುವುದುಂಟು. ಅಲ್ಲಿ ಅವಳು ಕರೆಯಬಲ್ಲಳು. ಸಾವಿಗೆ ಕರೆಯಬಲ್ಲವಳು ಮದುವೆಗೆ ಕರೆಯಲಾರಳು. ಎರಡೂ ಪತ್ರಿಕೆಗಳನ್ನು ಒಟ್ಟಿಗೆ ಇಟ್ಟು ಓದದೆ ಯಾವುದೊಂದರ ವ್ಯಾಕರಣವೂ ಅರ್ಥವಾಗದು. ಬಿಡಿ ಪಠ್ಯಕ್ಕೆ ಬದಲಾಗಿ ಪಠ್ಯಗಳ ನಡುವಿನ ಸಂಬಂಧವೇ ಜಾನಪದದ ಅಧ್ಯಯನ ವಸ್ತು ಎಂಬ ಮಾತು ಹಾಡು–ಕತೆಗಳಿಗೆ ಅನ್ವಯಿಸಿದಷ್ಟೇ ಇದಕ್ಕೂ ಅನ್ವಯಿಸುತ್ತದೆ.

ಇಲ್ಲಿ ಜಾನಪದ ವಿದ್ವಾಂಸರ ಒಂದು ರೂಢಿಯ ವಾದವನ್ನು ಪ್ರಶ್ನಿಸಬೇಕಾಗುತ್ತದೆ. ಮೌಖಿಕ ಪರಂಪರೆ ಎಲ್ಲರನ್ನೂ ಒಳಗೊಳ್ಳುವಂಥದು, ಮುದ್ರಣ ಬಂದು ಅದನ್ನು ಕೆಡಿಸಿತು ಎಂಬ ವಾದವದು. ಐರಣಿ ತರುವ ಮೆರವಣಿಗೆಯನ್ನು ನೋಡಿದರೆ ಈ ವಾದ ನಿಲ್ಲುವುದಿಲ್ಲ. ಗಡಿಗೆ ಹೊರುವವರು ಮುತ್ತೈದೆಯರು. ಮನೆಮನೆಗೆ ಅರಿಷಿಣ ಕುಂಕುಮ ಹಿಡಿದು ಕರೆಯಲು ಹೋಗುವವರೂ ಮುತ್ತೈದೆಯರೇ. ಗಂಡ ಸತ್ತವಳು ಮಗಳ ಮದುವೆಯ ದಿನ ಅಡುಗೆಯ ಮನೆಯಲ್ಲೋ ಹಿತ್ತಲಲ್ಲೋ ಕೆಲಸ ಹಚ್ಚಿಕೊಂಡು, ಅಕ್ಕಿಕಾಳು ಬೀಳುವ ಹೊತ್ತಿಗೆ ದೂರದಿಂದ ನೋಡಿ ಕಣ್ಣೊರೆಸಿಕೊಳ್ಳುವುದು ಮುದ್ರಣಕ್ಕಿಂತ ಎಷ್ಟೋ ಹಳೆಯದು. ಪತ್ರಿಕೆ ಮಾಡಿದ್ದು ಆ ಹೊರಗಿಡುವಿಕೆಯನ್ನು ಅಕ್ಷರಕ್ಕೆ ಇಳಿಸಿದ್ದು. ಅಕ್ಷರಕ್ಕೆ ಇಳಿದದ್ದರಿಂದಲೇ ಅದು ಕಣ್ಣಿಗೆ ಬಿತ್ತು, ಕಣ್ಣಿಗೆ ಬಿದ್ದದ್ದರಿಂದ ತಕರಾರಿಗೂ ದಾರಿಯಾಯಿತು. ಹಿತ್ತಲಲ್ಲಿ ನಿಂತವಳಿಗಾಗಿ ಯಾರೂ ಜಗಳವಾಡಲಿಲ್ಲ. ಪತ್ರಿಕೆಯಲ್ಲಿ ಅವ್ವನ ಹೆಸರು ಬಿಟ್ಟುಹೋಗಿದೆ ಎಂದು ಮಕ್ಕಳು ಜಗಳವಾಡುತ್ತಾರೆ.

ಲಿಂಗಾಯತ ಮನೆಗಳ ಪತ್ರಿಕೆಗಳಲ್ಲಿ ಈ ವಿರೋಧಾಭಾಸ ಮತ್ತಷ್ಟು ಎದ್ದು ಕಾಣುತ್ತದೆ. ಮೇಲ್ಗಡೆ ಬಸವಣ್ಣನ ಚಿತ್ರ, ಒಳಗೆ ಗುರುಗಳ ದಿವ್ಯ ಸಾನ್ನಿಧ್ಯ. ಶರಣರು ಪಂಚಸೂತಕಗಳನ್ನು ನಿರಾಕರಿಸಿದವರು. ಗಂಡನ ಸಾವು ಹೆಂಗಸಿಗೆ ಅಮಂಗಲವನ್ನು ಅಂಟಿಸುತ್ತದೆ ಎಂಬ ನಂಬಿಕೆಗೆ ಆ ತತ್ತ್ವದಲ್ಲಿ ಎಡೆಯಿಲ್ಲ. ‘ಲಿಂಗೈಕ್ಯ’ ಎಂಬ ಪದವೇ ಸಾವನ್ನು ಅಶುಭವೆಂದು ಒಪ್ಪದ ಪದ. ಆ ಪದವನ್ನು ಗಂಡನ ಹೆಸರಿನ ಹಿಂದೆ ಅಚ್ಚು ಹಾಕಿಸಿ, ಅದೇ ಸಾಲಿನಲ್ಲಿ ಅವನ ಹೆಂಡತಿಯನ್ನು ಹಿಂದಕ್ಕೆ ಸರಿಸುವುದು ತತ್ತ್ವಕ್ಕೂ ಒಕ್ಕಣೆಗೂ ನಡುವಿನ ಬಿರುಕು. ಹಲವು ಮಠಾಧೀಶರು ವೇದಿಕೆಯ ಮೇಲೆ ವಿಧವೆಯರಿಂದ ಅಕ್ಷತೆ ಹಾಕಿಸುವ ಕ್ರಮವನ್ನು ಬೆಂಬಲಿಸಿದ್ದಾರೆ. ಆ ಸುಧಾರಣೆ ಇನ್ನೂ ಪತ್ರಿಕೆಯ ವಾಕ್ಯಕ್ಕೆ ಪೂರ್ಣವಾಗಿ ಇಳಿದಿಲ್ಲ.

ತಾಯಿ ತೀರಿಕೊಂಡು ತಂದೆ ಮತ್ತೊಂದು ಮದುವೆಯಾಗಿದ್ದರೆ ಒಕ್ಕಣೆಯ ಸಂಕಟ ಬೇರೆ. ಮಲತಾಯಿಯನ್ನು ತಾಯಿಯೆಂದು ಬರೆದರೆ ಹೆತ್ತವಳ ತವರಿನವರು ಮುನಿಯುತ್ತಾರೆ. ಹೆತ್ತವಳನ್ನೇ ಬರೆದರೆ ಸಾಕಿದವಳ ಮನಸ್ಸು ಮುರಿಯುತ್ತದೆ. ಇಲ್ಲಿ ಜನಪದರ ಜಾಣ್ಮೆ ಮೆಚ್ಚತಕ್ಕದ್ದು. ‘ಲಿಂ. ಶ್ರೀಮತಿ ಇಂಥವರ ಉದರಸಂಜಾತೆ’ ಎಂದು ಹೆತ್ತವಳನ್ನು ಷಷ್ಠಿಯಲ್ಲಿರಿಸಿ, ‘ಶ್ರೀಮತಿ ಮತ್ತು ಶ್ರೀ ಇಂಥವರು’ ಎಂದು ಸಾಕಿದವಳನ್ನು ಪ್ರಥಮೆಯಲ್ಲಿ ನಿಲ್ಲಿಸುವ ಒಕ್ಕಣೆ ಇಬ್ಬರಿಗೂ ನ್ಯಾಯ ಸಲ್ಲಿಸುತ್ತದೆ. ಮಗಳೆನ್ನುವ ಸಂಬಂಧ ಒಬ್ಬಳದು, ಕರೆಯುವ ಅಧಿಕಾರ ಇನ್ನೊಬ್ಬಳದು. ಈ ಹೊಂದಾಣಿಕೆಯ ಹಿಂದೆ ಸೋದರಮಾವನ ಬಲವಿದೆ ಎಂಬುದನ್ನು ಮರೆಯಬಾರದು. ಮದುಮಗಳನ್ನು ಹಂದರಕ್ಕೆ ಕರೆತರುವವನು ಅವನು. ತೀರಿಕೊಂಡ ಅಕ್ಕನ ಹೆಸರಿಲ್ಲದ ಪತ್ರಿಕೆಯನ್ನು ಹಿಡಿದು ಅವನು ಬಾರದೆ ಉಳಿದರೆ ಶಾಸ್ತ್ರ ನಿಲ್ಲುತ್ತದೆ. ಸತ್ತ ಹೆಂಗಸಿಗೆ ಮಾತನಾಡಲು ತವರಿದೆ. ಗಂಡ ಸತ್ತು ತಾನು ಬದುಕಿರುವ ಹೆಂಗಸಿಗೆ ಪತ್ರಿಕೆಯ ಮಟ್ಟಿಗೆ ಅಂಥ ಬಲವಿಲ್ಲ.

ಇಬ್ಬರು ಹೆಂಡಿರ ಮನೆಗಳ ಒಕ್ಕಣೆಯಲ್ಲಿ ಕಾನೂನಿನ ನೆರಳು ಕಾಣುತ್ತದೆ. ಮುಂಬಯಿ ಪ್ರಾಂತವು ಹಿಂದೂ ದ್ವಿಪತ್ನಿತ್ವವನ್ನು 1946ರಲ್ಲೇ ನಿಷೇಧಿಸಿತು, ಮದ್ರಾಸು 1949ರಲ್ಲಿ. ಇಡೀ ದೇಶಕ್ಕೆ ಅನ್ವಯಿಸಿದ್ದು 1955ರ ಹಿಂದೂ ವಿವಾಹ ಕಾಯ್ದೆ. ಆ ಬಳಿಕ ಎರಡನೆಯವಳ ಮಕ್ಕಳ ಪತ್ರಿಕೆಯಲ್ಲಿ ತಾಯಿಯ ಹೆಸರನ್ನು ನುಂಗಿ ತಂದೆಯ ಹೆಸರನ್ನಷ್ಟೇ ಉಳಿಸುವ ರೂಢಿ ಬಲವಾಯಿತು. ಬಹುಪತ್ನಿತ್ವವನ್ನು ತಡೆಯಲು ಬಂದ ಕಾನೂನಿನ ಭಾರ ಕಾಗದದ ಮೇಲೆ ಬಿದ್ದದ್ದು ಗಂಡಿನ ಮೇಲಲ್ಲ. ಗಂಡ ಬಿಟ್ಟ ಹೆಂಗಸಿನ ಮಗಳ ಮದುವೆಯಲ್ಲಿ ಅಜ್ಜ ‘ನಮ್ಮ ಮೊಮ್ಮಗಳು’ ಎಂದು ಕರೆಯುವು‍ದು ಹೆಚ್ಚು; ಊರಲ್ಲೆಲ್ಲೋ ಇರುವ ತಂದೆಯ ಹೆಸರು ಷಷ್ಠಿಯಲ್ಲಿ ಒಮ್ಮೆ ಬಂದು ಹೋಗುತ್ತದೆ. ಅವನು ಷಷ್ಠಿಗೆ ಇಳಿಯುವ ಸಂದರ್ಭ ಇದೊಂದೇ. ದತ್ತಕದ ವಿಷಯ ಇಷ್ಟು ಜಟಿಲವಲ್ಲ: ಅಡ್ಡಹೆಸರು ದತ್ತಕ ಹೋದ ಮನೆಯದು, ಹೆತ್ತವರು ಸುಖಾಗಮನ ಬಯಸುವವರ ಪಟ್ಟಿಯಲ್ಲಿ.

ತಾಯಿ ಮೊದಲಿಂದಲೂ ‘ಇವರು’ ಆಗಿದ್ದ ಒಂದು ವರ್ಗವಿದೆ. ದೇವರಿಗೆ ಬಿಟ್ಟ ಹೆಂಗಸರ ಮಕ್ಕಳ ಮದುವೆ ಅದು. ಮಗಳ ಹೆಸರು ತಾಯಿಯಿಂದಲೇ ಗುರುತಾಗಬೇಕಿದ್ದುದರಿಂದ, ಯಲ್ಲಮ್ಮನ ‘ಪ್ರಸನ್ನ’ದ ಕೆಳಗೆ ತಾಯಿಯೇ ಕರೆಯುವವಳಾಗಿ ನಿಲ್ಲುತ್ತಿದ್ದಳು. 1982ರಲ್ಲಿ ಕರ್ನಾಟಕವು ದೇವದಾಸಿ ಸಮರ್ಪಣೆಯನ್ನು ಕಾನೂನಿನಿಂದ ನಿಷೇಧಿಸಿತು. ಆ ಪದ್ಧತಿಯ ಶೋಷಣೆಯ ಬಗೆಗೆ ಎರಡು ಮಾತಿಲ್ಲ. ಹಾಗಿದ್ದೂ ವ್ಯಾಕರಣದ ಸಾಕ್ಷಿಯನ್ನು ಮರೆಮಾಚಲಾಗದು. ‘ಮರ್ಯಾದಸ್ತ’ ಮನೆಯ ವಿಧವೆ ಪಡೆಯದ ವಿಭಕ್ತಿ ಇವರಿಗಿತ್ತು. ಬಹುಶಃ ಇದೇ ಒಂದು ಅಡ್ಡಿಯೂ ಆಗಿರಬೇಕು. ತಾಯಿಯ ಹೆಸರು ಒಂಟಿಯಾಗಿ ಪತ್ರಿಕೆಯ ತಲೆಗೆ ಬಂದರೆ ಓದುವವರು ಏನೆಂದುಕೊಂಡಾರು ಎಂಬ ಅಳುಕು, ವಿಧವೆಯ ಹೆಸರಿನ ಪಕ್ಕ ‘ಲಿಂ.’ ಕಡ್ಡಾಯವಾಗಿ ಇರಲೇಬೇಕೆಂಬ ಹಟ, ಎರಡರ ಮೂಲವೂ ಒಂದೇ. ಇದೇ ಜಿಲ್ಲೆಯ ಅಂಬಲೂರಿನ ಕುಂಬಾರ ವಿಧವೆ ಮಾಳಿಗೆ ಮಾಸೂರಿನ ಬ್ರಾಹ್ಮಣ ಬಸವರಸನಿಂದ ಸರ್ವಜ್ಞ ಹುಟ್ಟಿದನೆಂಬ ಐತಿಹ್ಯವನ್ನು ಹೆಮ್ಮೆಯಿಂದ ಹೇಳುವ ಜನವೇ ಈ ಅಳುಕಿನವರೂ ಹೌದು. ಕತೆಗೆ ಕೊಡುವ ಸ್ವಾತಂತ್ರ್ಯವನ್ನು ಮನೆಯ ಕಾಗದಕ್ಕೆ ಯಾರೂ ಕೊಡುವುದಿಲ್ಲ.

ಈ ಪರಿಸರದ ಮುಸಲ್ಮಾನರ ಕನ್ನಡ ನಿಕಾಹ್ ಪತ್ರಿಕೆಗಳು ಇದೇ ವಾಕ್ಯದ ಎರಕದಲ್ಲಿವೆ, ‘ಲಿಂ.’ ಇದ್ದಲ್ಲಿ ‘ಮರ್ಹೂಮ್’, ‘ಪ್ರಸನ್ನ’ ಇದ್ದಲ್ಲಿ 786. ವಿಭಕ್ತಿಯ ಹಂಚಿಕೆ ಮಾತ್ರ ಬದಲಾಗಿಲ್ಲ. ಧರ್ಮಗಳು ಬೇರೆಯಾದರೂ ಅಚ್ಚಿನ ಮನೆ ಒಂದೇ ಎಂಬುದನ್ನು ಇದು ನೆನಪಿಸುತ್ತದೆ.

ಅಂತರ್ಜಾತಿಯ ಮದುವೆಗಳಲ್ಲಿ ಕಷ್ಟ ಶುರುವಾಗುವುದು ತಲೆಯ ಮೇಲಿನ ದೇವರಿಂದ. ಯಾರ ಮನೆದೇವರನ್ನು ಹಾಕಿದರೂ ಜಾತಿ ತಿಳಿಯುತ್ತದೆ; ಆದ್ದರಿಂದ ಗಣಪತಿಯೋ ಧರ್ಮಸ್ಥಳದ ಮಂಜುನಾಥನೋ ಬರುತ್ತಾನೆ, ಇಲ್ಲವೇ ಬುದ್ಧ, ಬಸವ, ಅಂಬೇಡ್ಕರರ ಚಿತ್ರಗಳು ಜೊತೆಯಾಗುತ್ತವೆ. ಅಡ್ಡಹೆಸರು ಕಳಚಿ ಹೊಳೆಯಾಚೆಯ ಇನಿಷಿಯಲ್ ಪದ್ಧತಿ ಉಪಯೋಗಕ್ಕೆ ಬರುವುದು ಇಲ್ಲಿಯೇ. ‘ಗುರುಹಿರಿಯರು ನಿಶ್ಚಯಿಸಿದ ಪ್ರಕಾರ’ ಎಂಬ ಸೂತ್ರ ಮಾತ್ರ, ಯಾವ ಹಿರಿಯರೂ ನಿಶ್ಚಯಿಸದಿದ್ದರೂ, ಎಷ್ಟೋ ಸಲ ಹಾಗೆಯೇ ಉಳಿಯುತ್ತದೆ. ಇದನ್ನು ಸುಳ್ಳೆನ್ನುವುದಕ್ಕಿಂತ ರಕ್ಷಣೆಯ ಮಾತೆನ್ನುವುದು ಸರಿ. ಕುವೆಂಪು ರೂಪಿಸಿದ, 1966ರಲ್ಲಿ ಪೂರ್ಣಚಂದ್ರ ತೇಜಸ್ವಿಯವರ ವಿವಾಹದಿಂದ ಪ್ರಚಾರಕ್ಕೆ ಬಂದ ಮಂತ್ರಮಾಂಗಲ್ಯವು ಪುರೋಹಿತನನ್ನೂ ಮುಹೂರ್ತವನ್ನೂ ತೆಗೆದುಹಾಕಿ ವಧೂವರರ ಪ್ರತಿಜ್ಞೆಯನ್ನು ನಡುವಿಗೆ ತಂದಿತು. ಆ ದಾರಿಯಲ್ಲಿ ಮದುವೆಯಾಗುವವರು ‘ನಾವಿಬ್ಬರು’ ಎಂದು ತಾವೇ ಕರೆಯುವ ಒಕ್ಕಣೆಗೆ ಬಂದಿದ್ದಾರೆ. ಇದು ದಿಟ್ಟ ಒಕ್ಕಣೆ. ಆದರೆ ಇಲ್ಲಿಯೂ ತಾಯಿಗೆ ಪ್ರಥಮೆ ದಕ್ಕಿಲ್ಲ. ತಂದೆಯಿಂದ ನೇರವಾಗಿ ಮಕ್ಕಳಿಗೆ ಅದು ದಾಟಿಹೋಗಿದೆ.

ಒಕ್ಕಣೆಯ ನಿಜವಾದ ಪಾಲಕ ಮುದ್ರಣಾಲಯದವನು. ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್ ಯುಗೊಸ್ಲಾವಿಯಾದ ವೀರಕಾವ್ಯದ ಗಾಯಕರಲ್ಲಿ ಗುರುತಿಸಿದ ಸೂತ್ರಭಂಡಾರ ಇವನಲ್ಲಿಯೂ ಇದೆ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿಗಳ ಮುದ್ರಣಾಲಯಗಳಿಗೆ ಬರುವ ರೈತ ಒಂದು ಚೀಟಿಯಲ್ಲಿ ಹೆಸರುಗಳನ್ನಷ್ಟೇ ಬರೆದು ತರುತ್ತಾನೆ. ಯಾರು ಎಲ್ಲಿ ನಿಲ್ಲಬೇಕೆಂದು ತೀರ್ಮಾನಿಸುವವನು ಅಚ್ಚುಮೊಳೆ ಜೋಡಿಸುವವನು. “ತಂದಿ ಇಲ್ಲೇನ್ರಿ? ಹಂಗಾದ್ರ ಕಾಕಾರ ಹೆಸರು ಮ್ಯಾಲ ಹಾಕೂಣ್ರಿ” ಎನ್ನುವುದು ಅವನ ಪಾಲಿಗೆ ರೂಢಿಯ ಮಾತು. ಮೊಳೆ ಜೋಡಿಸುವ ಕಾಲದಲ್ಲಿ ಹೊಸ ವಾಕ್ಯ ಕಟ್ಟುವುದು ಶ್ರಮದ ಕೆಲಸವಾಗಿತ್ತು. ಕಟ್ಟಿಟ್ಟ ಚೌಕಟ್ಟಿನಲ್ಲಿ ಹೆಸರು ಬದಲಿಸುವುದು ಸುಲಭವಾಗಿತ್ತು. ಗಣಕಯಂತ್ರ ಬಂದು, ‘ಬರಹ’ ‘ನುಡಿ’ಗಳಲ್ಲಿ ಅಕ್ಷರ ಜೋಡಿಸುವಂತಾದ ಮೇಲೆ ಆ ಶ್ರಮ ಉಳಿದಿಲ್ಲ. ಆದರೂ ಹಳೆಯ ಮಾದರಿಯೇ ಕಡತವಾಗಿ ಕುಳಿತಿದೆ. ಅಂದಮೇಲೆ ತಡೆಯಿದ್ದದ್ದು ತಂತ್ರಜ್ಞಾನದಲ್ಲಲ್ಲ. ಮುದ್ರಣಾಲಯದವನು ಒಕ್ಕಣೆಯನ್ನು ತಿದ್ದಬಲ್ಲ ಎನ್ನುವುದನ್ನು ಸರಕಾರ ಮಾತ್ರ ಗುರುತಿಸಿದಂತಿದೆ: 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಬಳಿಕ, ಪತ್ರಿಕೆ ಅಚ್ಚು ಮಾಡುವ ಮುನ್ನ ವಧೂವರರ ವಯಸ್ಸಿನ ದಾಖಲೆ ನೋಡುವಂತೆ ರಾಜ್ಯದ ಹಲವು ಜಿಲ್ಲಾಡಳಿತಗಳು ಮುದ್ರಣಾಲಯಗಳಿಗೆ ಸೂಚಿಸಿವೆ. ಕಾಗದವೊಂದು ಮದುವೆಯನ್ನೇ ನಿಲ್ಲಿಸಬಲ್ಲುದಾದರೆ ಅದರ ಒಳಗಿನ ವಾಕ್ಯವನ್ನು ನಿರ್ಲಕ್ಷಿಸುವುದು ಸಲ್ಲದು.

ಈಚಿನ ವರ್ಷಗಳ ಪತ್ರಿಕೆಗಳಲ್ಲಿ ‘ಲಿಂ. ಇಂಥವರ ಧರ್ಮಪತ್ನಿ ಶ್ರೀಮತಿ ಇಂಥವರು ಮಾಡುವ ಶರಣು ಶರಣಾರ್ಥಿಗಳು’ ಎಂಬ ಒಕ್ಕಣೆ ಕಾಣಿಸಿಕೊಳ್ಳುತ್ತಿದೆ. ಗಂಡ ಷಷ್ಠಿಗೆ ಸರಿದಿದ್ದಾನೆ, ಹೆಂಡತಿ ಪ್ರಥಮೆಗೆ ಬಂದಿದ್ದಾಳೆ. ಶಿಕ್ಷಕಿಯರು, ಅಂಗನವಾಡಿ ಕಾರ್ಯಕರ್ತೆಯರು, ಪಂಚಾಯತಿ ಸದಸ್ಯೆಯರು ಇರುವ ಮನೆಗಳಲ್ಲಿ ಇದು ಮೊದಲು ಬಂದದ್ದು ಸಹಜವೇ. ಮನೆಯ ಹೊರಗೆ ಸಹಿ ಮಾಡಿ ರೂಢಿಯಾದವರು ಅವರು. 2020ರಲ್ಲಿ ಸೋಂಕಿನ ಕಾರಣ ಮದುವೆಗೆ 50 ಜನರ ಮಿತಿ ಬಂದಾಗ ‘ಸಹಕುಟುಂಬ ಪರಿವಾರ ಸಮೇತ’ ಎಂಬ ಕಲ್ಲಿನಂಥ ಸೂತ್ರವೇ ‘ಇದ್ದಲ್ಲಿಂದಲೇ ಹರಸಿರಿ’ ಎಂದು ಬದಲಾಯಿತು. ಬದಲಾಗುವುದಿಲ್ಲ ಎನ್ನುವವರಿಗೆ ಇದೇ ಉತ್ತರ. ಅದೇ ಹೊತ್ತಿನಲ್ಲಿ ಮೊಬೈಲಿನ ಮೂಲಕ ಹರಿದಾಡಿದ ಪತ್ರಿಕೆಗಳಲ್ಲಿ ಕರ್ತೃಪದ ಹಿಂದಿನಂತೆಯೇ ಇತ್ತು ಎಂಬುದೂ ಅಷ್ಟೇ ನಿಜ. ಜನರ ಸಂಖ್ಯೆಯನ್ನು ರೋಗ ಬದಲಿಸಿತು, ವಿಭಕ್ತಿಯನ್ನು ಬದಲಿಸಲಿಲ್ಲ.

ಉಳಿದದ್ದು ಪತ್ರಿಕೆಯೇ ಇಲ್ಲದ ಮದುವೆಯ ಮಾತು. ಗಂಡ ಸತ್ತ ಅಥವಾ ಗಂಡನನ್ನು ಬಿಟ್ಟ ಹೆಂಗಸು ಮತ್ತೆ ಮದುವೆಯಾಗುವುದಕ್ಕೆ ಈ ಭಾಗದ ಅನೇಕ ಜಾತಿಗಳಲ್ಲಿ ಉಡಿಕೆ, ಕೂಡಿಕೆ ಎಂಬ ಹೆಸರುಗಳಿವೆ. 1856ರ ವಿಧವಾ ಪುನರ್ವಿವಾಹ ಕಾಯ್ದೆ ಮೇಲುಜಾತಿಗಳಿಗೆ ಕೊಟ್ಟ ಅನುಮತಿ ಇವರಿಗೆ ಬೇಕಿರಲಿಲ್ಲ, ರೂಢಿಯೇ ಕೊಟ್ಟಿತ್ತು. ಆದರೆ ಉಡಿಕೆ ನಡೆಯುತ್ತಿದ್ದುದು ರಾತ್ರಿ, ವಾದ್ಯವಿಲ್ಲದೆ, ಐರಣಿಯಿಲ್ಲದೆ, ಮುತ್ತೈದೆಯರಿಲ್ಲದೆ. ಕರೆಯಬೇಕಾದವರಿಗೆ ಕಿವಿಯಲ್ಲಿ ಹೇಳಿದರೆ ಮುಗಿಯಿತು. ಇಂದು ಇಂಥ ಮದುವೆಗಳು ಹಗಲಿಗೆ ಬಂದಿವೆ, ಪತ್ರಿಕೆಯೂ ಅಚ್ಚಾಗುತ್ತಿದೆ. ವಧುವಿನ ಹೆಸರಿನ ಹಿಂದೆ ಏನು ಹಾಕಬೇಕೆಂಬ ತೊಡಕು ಅಲ್ಲಿಯೇ ಎದುರಾಗುತ್ತದೆ. ‘ಚಿ.ಕು.ಸೌ.’ ಎಂದರೆ ಕುಮಾರಿ, ‘ಚಿ.ಕುಂ.ಸೌ.’ ಎಂದರೆ ಕುಂಕುಮ ಎಂದು ಬಿಡಿಸುವ ರೂಢಿಯಿದೆ. ಕುಮಾರಿಯಲ್ಲದವಳಿಗೆ ಸೊನ್ನೆ ಇಡುವುದೋ ಬಿಡುವುದೋ ಎಂದು ಯೋಚಿಸಿ ಕೊನೆಗೆ ‘ಚಿ.ಸೌ.’ ಎಂದಷ್ಟೇ ಹಾಕುವುದುಂಟು. ಮೊದಲ ಮದುವೆಯ ಮಕ್ಕಳಿದ್ದರೆ ಅವರ ಹೆಸರು ಮೇಲಿನ ವಾಕ್ಯದಲ್ಲಿಲ್ಲ, ಸುಖಾಗಮನ ಬಯಸುವವರ ಪಟ್ಟಿಯಲ್ಲೂ ಇಲ್ಲ. ಪತ್ರಿಕೆಯ ಕೆಳತುದಿಯಲ್ಲಿ ಮಕ್ಕಳು ಮಾತನಾಡುವ ಆ ಒಂದು ಸಾಲಿನಲ್ಲಿ ಕಾಕಾ, ಮಾಮಾ, ಅತ್ತಿ, ಚಿಗವ್ವ, ಅಣ್ಣ, ಅಕ್ಕ ಎಲ್ಲರ ಲಗ್ನಕ್ಕೂ ಮುದ್ರಣಾಲಯದ ಕಡತದಲ್ಲಿ ಸಿದ್ಧ ಮಾದರಿಗಳಿವೆ. “ನಮ್ಮ ಅವ್ವನ ಲಗ್ನಕ್ಕೆ ತಪ್ಪದೇ ಬರ್ರಿ” ಎಂಬುದು ಆ ಕಡತಕ್ಕೆ ಇನ್ನೂ ಸೇರಿಲ್ಲ.